ಮಾತನ್ನೂ ಅಡವಿಟ್ಟಿರಾ?



ಸಭೆಗೆ ಹೋದಾಗ ನೀವು ಎಲ್ಲಿ ಕೂರುತ್ತೀರಿ? ನನಗೆ ಗೊತ್ತು. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ, ಎದ್ದು ಹೋಗೋದಕ್ಕೆ ಸಲೀಸಾಗಲಿ ಅಂತ ಬಾಗಿಲಿನ ಹತ್ತಿರ. ಮುಂದೆ ಕುರ್ಚಿ ಖಾಲಿ ಬಿದ್ದಿದ್ದರೂ ಹೋಗುವುದಿಲ್ಲ. ಅಧ್ಯಕ್ಷರು "ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಹೇಳಬಹುದು" ಅಂದ ಕೂಡಲೇ ಟವಲ್ಲು ಸರಿಮಾಡಿಕೊಂಡು ನೆಲ ನೋಡುತ್ತೀರಿ. ಸಭೆ ಮುಗಿದು ಟೀ ಅಂಗಡಿ ಮುಂದೆ ನಿಂತ ಮೇಲೆ ನಿಮ್ಮಂಥ ಮಾತುಗಾರ ತಾಲ್ಲೂಕಿನಲ್ಲೇ ಇಲ್ಲ. ಬಡ್ಡಿಯ ಲೆಕ್ಕ ಎಲ್ಲಿ ತಪ್ಪಿದೆ, ಗೊಬ್ಬರದ ಮೂಟೆ ಯಾವ ಬಾಗಿಲಿನಿಂದ ಆಚೆ ಹೋಯಿತು, ತೂಕದಲ್ಲಿ ಎಷ್ಟು ಹೊಡೆದರು, ಎಲ್ಲ ಬಾಯಿಪಾಠ. ಟೀ ಅಂಗಡಿಯವನಿಗೆ ಇದೆಲ್ಲ ತಿಳಿದು ಏನಾಗಬೇಕು? ಅವನೇನು ಬಡ್ಡಿ ಮನ್ನಾ ಮಾಡುತ್ತಾನೆಯೇ?

ಹೊಲ ಅಡವಿಟ್ಟೆವು. ಹೆಂಡತಿಯ ಓಲೆ, ಸರ ಅಡವಿಟ್ಟೆವು. ಅದಕ್ಕೆಲ್ಲ ಕಾರಣ ಉಂಟು, ಈ ಪತ್ರಿಕೆಯಲ್ಲಿ ತಿಂಗಳು ತಿಂಗಳು ಓದುತ್ತಿದ್ದೀರಿ. ಆದರೆ ಬಾಯಿಯೊಳಗಿನ ಮಾತನ್ನು ಯಾಕೆ ಅಡವಿಟ್ಟಿರಿ? ವಕೀಲನಿಗಿಷ್ಟು, ದಲ್ಲಾಳಿಗಿಷ್ಟು, ಪುಢಾರಿಗಿಷ್ಟು, ಉಳಿದದ್ದು ನಮ್ಮದೇ ಮುಖಂಡರಿಗೆ. ಬಿಡಿಸಿಕೊಳ್ಳಲು ಒಂದು ಪೈಸೆಯೂ ಬೇಡದ ಅಡವು ಇದೊಂದೇ. ಅದನ್ನೂ ಬಿಡಿಸಿಕೊಳ್ಳುತ್ತಿಲ್ಲ.

ನಿಮ್ಮನ್ನು ಹಂಗಿಸಲು ಬರೆಯುತ್ತಿಲ್ಲ. ನಾನೂ ಅದೇ ಕಂಬದ ಪಕ್ಕ ಕೂತವನು. ಕನಕಪುರ ರಸ್ತೆಯ ಕಡೆ ನಮ್ಮ ಊರು. ಕೆಲವು ವರ್ಷಗಳ ಹಿಂದೆ ರಸ್ತೆಗೆ ಅಂತ ನಮ್ಮ ಜಮೀನಿನಲ್ಲಿ ಇಪ್ಪತ್ತೆರಡು ಗುಂಟೆ ನೋಟೀಸಿಗೆ ಬಂತು. ಆಕ್ಷೇಪಣೆ ಇದ್ದರೆ ಇಂಥ ದಿನ ಇಂಥ ಕಚೇರಿಗೆ ಖುದ್ದು ಬಂದು ಹೇಳಬಹುದು ಅಂತ ಅದರಲ್ಲೇ ಇತ್ತು. ಕಚೇರಿಯ ಹೆಸರು ಬೇಡ, ಎಲ್ಲ ಕಚೇರಿಯೂ ಒಂದೇ. ರಾತ್ರಿಯೆಲ್ಲ ಹೊರಳಾಡಿ ಹೇಳಬೇಕಾದದ್ದನ್ನು ಕಟ್ಟಿಕೊಂಡೆ. ನೋಟೀಸಿನಲ್ಲಿ ಖುಷ್ಕಿ ಅಂತ ಬರೆದಿದ್ದಾರೆ, ಅದು ಬಾಗಾಯ್ತು. ಬಾವಿ ಇದೆ, ಫಲಕ್ಕೆ ಬಂದ ಹದಿನೆಂಟು ತೆಂಗಿನ ಮರ ಇದೆ. ಬೇಕಾದರೆ ಬಂದು ಎಣಿಸಿ. ಇಷ್ಟೇ. ನಾಲ್ಕು ವಾಕ್ಯ.

ಸರ್ವೆ ನಂಬರು ಕೂಗಿದರು. ಎದ್ದೆ. ಮೇಜಿನಾಚೆ ಮೂರು ಜನ, ಒಬ್ಬರೂ ತಲೆ ಎತ್ತಲಿಲ್ಲ. ನನ್ನ ನಾಲಿಗೆ ಅಂಗಳಕ್ಕೆ ಅಂಟಿತು. ಮೊಣಕಾಲು ನನ್ನದಲ್ಲ ಅನ್ನುವ ಹಾಗೆ ಆಡತೊಡಗಿತು. ಕಡೆಗೆ ಬಾಯಿಂದ ಬಿದ್ದದ್ದು ಇದು: "ಸ್ವಾಮಿ, ತಾವು ದೊಡ್ಡೋರು, ನೋಡಿ ಮಾಡಿ." ಗುಮಾಸ್ತ ಬರೆದುಕೊಂಡದ್ದನ್ನು ಆಮೇಲೆ ನಕಲು ತೆಗೆಸಿ ಓದಿದೆ. "ಖಾತೇದಾರರು ಹಾಜರಿದ್ದರು. ನಿರ್ದಿಷ್ಟ ಆಕ್ಷೇಪಣೆ ಇಲ್ಲ." ಖುಷ್ಕಿಯ ದರಕ್ಕೆ ಪರಿಹಾರ ಬಂತು. ಬಾವಿ, ಮರ ಕಾಗದದಲ್ಲಿ ಇಲ್ಲವೇ ಇಲ್ಲ. ಯಾರ ಮೇಲೆ ಕೋಪ ಮಾಡಲಿ? ಅವರು ಸುಳ್ಳು ಬರೆಯಲಿಲ್ಲ. ನಾನು ಹೇಳಲೇ ಇಲ್ಲ.

"ಮಾತು ಬೆಳ್ಳಿ, ಮೌನ ಬಂಗಾರ" ಅಂತ ನಮ್ಮ ಹಿರಿಯರು ಹೇಳಿಕೊಟ್ಟರು. ಬಂಗಾರ ಈಗಾಗಲೇ ಬ್ಯಾಂಕಿನಲ್ಲಿದೆಯಲ್ಲ! ಕಚೇರಿಯವರ ಹತ್ತಿರ ಬೇರೆ ಗಾದೆ ಇದೆ, ಅದು ಸಂಸ್ಕೃತದಲ್ಲಿದೆ: ಮೌನಂ ಸಮ್ಮತಿ ಲಕ್ಷಣಂ. ನೀವು ಬಂಗಾರ ಅಂದುಕೊಂಡು ಬಾಯಿ ಮುಚ್ಚಿದರೆ ಅವರು ಒಪ್ಪಿಗೆ ಅಂತ ಬರೆದುಕೊಳ್ಳುತ್ತಾರೆ.

ಇನ್ನು ನಗರದ ವಿಷಯ. ನನ್ನ ತಂಗಿಯ ಮಗಳು ಬನಶಂಕರಿಯಲ್ಲಿದ್ದಾಳೆ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಈ ಕಥೆ ಕೇಳಿ "ಮಾವ, ಒಂದು ಭಾನುವಾರ ನನ್ನ ಜೊತೆ ಬನ್ನಿ, ಏನೋ ತೋರಿಸ್ತೀನಿ" ಅಂದಳು. ರೇಷ್ಮೆ ಸಂಸ್ಥೆಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಬನಶಂಕರಿಯಲ್ಲಿ ಇಳಿದೆ. ಜಯನಗರದ ಒಂದು ಶಾಲೆಯ ಕೊಠಡಿಗೆ ಕರೆದುಕೊಂಡು ಹೋದಳು. ಇಪ್ಪತ್ತೈದು ಮೂವತ್ತು ಜನ ಕೂತಿದ್ದರು. ಹೆಚ್ಚಿನವರು ಹುಡುಗ ಹುಡುಗಿಯರು, ಕೈತುಂಬ ಸಂಬಳ ತರುವವರು. ಟೋಸ್ಟ್‌ಮಾಸ್ಟರ್ಸ್ ಅಂತ ಅದರ ಹೆಸರು. ಭಾಷಣ ಮಾಡುವುದನ್ನು ಕಲಿಯಲು ವಾರ ವಾರ ಸೇರುತ್ತಾರಂತೆ.

ಮಾತು ಇಂಗ್ಲಿಷಿನಲ್ಲಿತ್ತು. ನನಗೆ ಅರ್ಧ ಅರ್ಥವಾಯಿತು, ಅರ್ಧ ಬಿಟ್ಟೆ. ಆದರೆ ಕಣ್ಣಿಗೆ ಇಂಗ್ಲಿಷು ಬೇಕಾಗಿಲ್ಲ. ಮೊದಲ ಸಲ ಎದ್ದ ಒಬ್ಬ ಹುಡುಗನನ್ನು ನೋಡಿದೆ. ಕೈಯಲ್ಲಿದ್ದ ಹಾಳೆ ಗಾಳಿಗೆ ಸಿಕ್ಕ ಬಾಳೆ ಎಲೆಯ ಹಾಗೆ ಪಟಪಟ ಅನ್ನುತ್ತಿತ್ತು. ಹಣೆಯಲ್ಲಿ ಬೆವರು. ಎರಡು ವಾಕ್ಯ ಹೇಳಿ ನಿಂತುಬಿಟ್ಟ. ನನ್ನ ಎದೆಯ ಮೇಲಿದ್ದ ಒಂದು ಕಲ್ಲು ಆಗ ಇಳಿಯಿತು ನೋಡಿ. ಇವನಿಗೂ ಮೊಣಕಾಲು ನಡುಗುತ್ತದೆ! ಓದಿದವನಿಗೆ, ಬೂಟು ಹಾಕಿದವನಿಗೆ, ಇಂಗ್ಲಿಷು ಬರುವವನಿಗೆ! ಹಾಗಾದರೆ ಅದು ನನ್ನ ಮಣ್ಣಿನ ದೋಷವಲ್ಲ, ನನ್ನ ಜಾತಿಯ ದೋಷವಲ್ಲ, ಓದಿನ ದೋಷವೂ ಅಲ್ಲ. ನಾಲ್ಕು ಜನರೆದುರು ಎದ್ದ ಮನುಷ್ಯನಿಗೆ ಆಗುವ ಜ್ವರ. ಎಲ್ಲರಿಗೂ ಬರುತ್ತದೆ. ಅವರು ಔಷಧಿ ಮಾಡಿಕೊಳ್ಳುತ್ತಿದ್ದಾರೆ, ನಾವು ಹಣೆಬರಹ ಅನ್ನುತ್ತಿದ್ದೇವೆ.

ಹೊರಗೆ ಬಂದಾಗ ಇನ್ನೊಂದು ಯೋಚನೆ ಬಂತು. ನಾನು ನಿಂತಿರುವುದು ಎಲ್ಲಿ? ಜಯನಗರಕ್ಕೆ 1948ರಲ್ಲಿ ರಾಜಾಜಿಯವರಿಂದ ಶಂಕುಸ್ಥಾಪನೆ ಆಯಿತು. ಅದಕ್ಕೂ ಮುಂಚೆ ಇಲ್ಲಿ ಇದ್ದದ್ದು ಊರುಗಳು, ಹೊಲಗಳು. ಬಿಟಿಎಂ ಬಡಾವಣೆ ಅಂತ ಎಲ್ಲರೂ ಅನ್ನುತ್ತಾರೆ; ಆ ಮೂರು ಇಂಗ್ಲಿಷ್ ಅಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನುವ ಮೂರು ಹಳ್ಳಿಗಳಿವೆ ಅಂತ ಅಲ್ಲಿ ಬಾಡಿಗೆಗಿರುವ ಎಷ್ಟು ಹುಡುಗರಿಗೆ ಗೊತ್ತು? ಜೆ.ಪಿ. ನಗರದೊಳಗೆ ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ. ಬನಶಂಕರಿ ಕಡೆ ಕದಿರೇನಹಳ್ಳಿ, ಕತ್ರಿಗುಪ್ಪೆ, ಹೊಸಕೆರೆಹಳ್ಳಿ. ಯಡಿಯೂರು ಕೆರೆ ಇದೆ, ಸಾರಕ್ಕಿ ಕೆರೆ ಇದೆ, ಪುಟ್ಟೇನಹಳ್ಳಿ ಕೆರೆ ಇದೆ. ಅಚ್ಚುಕಟ್ಟು ಇಲ್ಲ. ಸುತ್ತ ನಡೆಯಲು ದಾರಿ ಮಾಡಿದ್ದಾರೆ. 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ, 1976ರಿಂದ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಇವೆರಡೂ ಗಜಕಡ್ಡಿ ಹಿಡಿದು ಒಂದೊಂದೇ ಊರನ್ನು ಅಳೆದವು. ರಾಗಿ ಬೆಳೆದ ಮಣ್ಣಿನ ಮೇಲೆ ಈಗ ಮಾತು ಬೆಳೆಯುವ ತರಗತಿಗಳು ನಡೆಯುತ್ತಿವೆ. ಕ್ಲಬ್ಬಿನವರಾದರೂ ತಾವೇ ಸೇರಿ ಕಲಿಯುವವರು. ಸಾವಿರಾರು ರೂಪಾಯಿ ಫೀಜು ಕಿತ್ತು "ಹತ್ತೇ ದಿನದಲ್ಲಿ ವಾಗ್ಮಿ" ಮಾಡುವ ಬೋರ್ಡುಗಳೂ ಅಲ್ಲಿ ಕಂಬ ಕಂಬಕ್ಕೆ ನೇತಾಡುತ್ತವೆ. ಹತ್ತು ದಿನದಲ್ಲಿ ಹುರುಳಿಯೂ ಕಾಯಿ ಕಟ್ಟುವುದಿಲ್ಲ.

ಆ ಊರಿನವರಿಗೆ ಮಾತು ಬಂದಿದ್ದರೆ ಹೊಲ ಉಳಿಯುತ್ತಿತ್ತು ಅಂತ ನಾನು ಹೇಳಿದರೆ ಅದು ಸುಳ್ಳಾದೀತು. ಬೆಳೆಯುವ ನಗರದ ಹೊಟ್ಟೆ ದೊಡ್ಡದು, ಕಾಯಿದೆಯೆಲ್ಲ ಅದರ ಕಡೆಗಿತ್ತು. ಚೆನ್ನಾಗಿ ಮಾತಾಡಿದವರೂ ಕಳೆದುಕೊಂಡಿದ್ದಾರೆ. ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ಸಣ್ಣದು ಅನ್ನಬೇಡಿ. 1894ರ ಭೂಸ್ವಾಧೀನ ಕಾಯಿದೆಯಲ್ಲಿ 5-ಎ ಅಂತ ಒಂದು ಕಲಮು ಇತ್ತು. ಮೂವತ್ತು ದಿನದೊಳಗೆ ಆಕ್ಷೇಪಣೆ ಬರೆದುಕೊಟ್ಟವನನ್ನು ಅಧಿಕಾರಿ ಕರೆದು ಕೇಳಲೇಬೇಕು. ಬಿಳಿಯರ ಕಾಲದ ಆ ಕಾಯಿದೆಗೂ ಅಷ್ಟು ಮರ್ಯಾದೆ ಇತ್ತು. ಕೇಳದೆ ಮುಂದುವರಿದ ಸ್ವಾಧೀನಗಳನ್ನು ನ್ಯಾಯಾಲಯಗಳು ರದ್ದು ಮಾಡಿದ ಉದಾಹರಣೆಗಳು ಇವೆ. ಹೇಳಿದ ಮಾತು ಕಡತಕ್ಕೆ ಹೋಗುತ್ತದೆ, ಕಡತ ಕೋರ್ಟಿಗೆ ಹೋಗುತ್ತದೆ. ನುಂಗಿದ ಮಾತು ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ಹುಣ್ಣಾಗಿ ಆಸ್ಪತ್ರೆಗೆ.

2013ರಲ್ಲಿ ಆ ಕಾಯಿದೆ ಹೋಗಿ ಹೊಸದು ಬಂತು. ಸಾಮಾಜಿಕ ಪರಿಣಾಮದ ಅಧ್ಯಯನ, ಊರಿನಲ್ಲೇ ಸಾರ್ವಜನಿಕ ವಿಚಾರಣೆ, ಆಕ್ಷೇಪಣೆಗೆ ಅರವತ್ತು ದಿನ. ಒಳ್ಳೆಯದೇ ಆಯಿತು. ಆದರೆ ನಮ್ಮ ರಾಜ್ಯ 2019ರಲ್ಲಿ ತಿದ್ದುಪಡಿ ತಂದು, ಕೆಲವು ಬಗೆಯ ಯೋಜನೆಗಳನ್ನು ಆ ಅಧ್ಯಯನದಿಂದ, ವಿಚಾರಣೆಯಿಂದ ಹೊರಗಿಡುವ ಅಧಿಕಾರ ತಾನೇ ತೆಗೆದುಕೊಂಡಿತು. ಯಾಕೆ? ಊರಿನವರು ಎದ್ದು ಮಾತಾಡುವ ಜಾಗ ಇರುವುದು ಅವರಿಗೆ ಕಷ್ಟ. ಬಾಗಿಲು ಒಂದೊಂದೇ ಮುಚ್ಚುತ್ತಿದೆ; ತೆರೆದಿರುವ ಬಾಗಿಲಲ್ಲಿ ನಾವು ನೆಲ ನೋಡಿಕೊಂಡು ಕೂತಿದ್ದೇವೆ.

ಬಾಯಿ ಬಿಟ್ಟರೆ ಏನಾಗಬಹುದು ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳಲ್ಲಿ 1,777 ಎಕರೆಗೆ ಕೈಗಾರಿಕಾ ಪ್ರದೇಶ ಅಂತ ನೋಟೀಸು ಬಂತು. 2022ರಿಂದ ಸಾವಿರ ದಿನಕ್ಕೂ ಮೇಲೆ ಜನ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳೇ ಭೂಸ್ವಾಧೀನ ಕೈಬಿಟ್ಟೆವು ಅಂತ ಹೇಳಬೇಕಾಯಿತು. ಅಲ್ಲಿ ಬೆಂಬಲಕ್ಕೆ ಹೊರಗಿನ ಹೆಸರುವಾಸಿ ಮಾತುಗಾರರೂ ಬಂದರು, ನಿಜ. ಆದರೆ ಜಮೀನು ಕೊಡುವುದಿಲ್ಲ ಅಂತ ಮೈಕು ಹಿಡಿದು ಹೇಳಿದವರಲ್ಲಿ ಆ ಊರಿನ ಹೆಂಗಸರೇ ಇದ್ದರು. "ನಮ್ಮ ಪರವಾಗಿ ಅವರು ಹೇಳ್ತಾರೆ" ಅಂತ ಮನೆಯಲ್ಲಿ ಕೂತಿದ್ದರೆ ಸಾವಿರ ದಿನ ಯಾರು ಎಳೆಯುತ್ತಿದ್ದರು?

ಈಗ ಸ್ವಲ್ಪ ಕಹಿ ಮಾತು, ನಮ್ಮ ಚಳವಳಿಯ ಬಗ್ಗೆಯೇ. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಗುಂಡು ಹಾರಿದ ಮೇಲೆ ಹಳ್ಳಿ ಎದ್ದಿತು. ಪ್ರೊಫೆಸರ್ ನಂಜುಂಡಸ್ವಾಮಿಯವರು ಮಾತಾಡಿದರೆ ಬೆಲೆ ನೀತಿ, ಸಾಲದ ನೀತಿ ಎರಡೂ ಅಕ್ಕಿ ಕಲ್ಲು ಬೇರೆ ಮಾಡಿದ ಹಾಗೆ ತಿಳಿಯುತ್ತಿತ್ತು. ಸಾಲಗಾರ ರೈತನೋ ಸರ್ಕಾರವೋ ಅಂತ ಅವರು ಲೆಕ್ಕ ತಿರುಗಿಸಿ ಹಾಕಿದಾಗ ಮುದುಕರು ಕೂಡ ಎದೆ ಸೆಟೆಸಿ ನಿಂತರು. 1993ರ ಅಕ್ಟೋಬರಿನಲ್ಲಿ ಡಂಕೆಲ್ ಕರಡಿನ ವಿರುದ್ಧ ಲಕ್ಷಗಟ್ಟಲೆ ಜನ ಬೆಂಗಳೂರಿಗೆ ಬಂದೆವು. ವೇದಿಕೆಯ ಮೇಲೆ ಎಷ್ಟು ಜನ ಇದ್ದರು, ಕೆಳಗೆ ಎಷ್ಟು ಜನ ಇದ್ದೆವು? ಅಧ್ಯಯನ ಶಿಬಿರಗಳಲ್ಲಿ ಕಲಿತವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಉಳಿದ ನಾವು ಕಲಿತದ್ದು ಚಪ್ಪಾಳೆ, ಸೀಟಿ, ಹಸಿರು ಟವಲ್ಲು ಬೀಸುವುದು. 2004ರಲ್ಲಿ ಅವರು ತೀರಿಕೊಂಡಾಗ ಊರು ಊರಲ್ಲಿ ಅನಾಥರಾದೆವು ಅಂತ ಅತ್ತೆವು. ಯಾಕೆ ಅನಾಥರಾದೆವು? ಅವರ ಮಾತನ್ನು ಕೇಳಿದ್ದೆವೇ ಹೊರತು ಆಡಲು ಕಲಿತಿರಲಿಲ್ಲ. ಒಬ್ಬನೇ ಮಾತಾಡುವ ಸಂಘಕ್ಕೆ ಒಂದೇ ಗಂಟಲು. ಅದನ್ನು ಕೊಂಡುಕೊಳ್ಳಲೂಬಹುದು, ಹೆದರಿಸಲೂಬಹುದು, ಒಂದು ದಿನ ಅದು ನಿಂತೂ ಹೋಗುತ್ತದೆ.

"ಮಾತು ದೇವರು ಕೊಟ್ಟ ವರ, ನಮಗೆಲ್ಲಿ ಬರುತ್ತೆ" ಅನ್ನುವವರಿಗೆ ಒಂದು ಪ್ರಶ್ನೆ. ಗಾಂಧಿಗೆ ವರ ಇತ್ತೇ? ಲಂಡನ್ನಿನಲ್ಲಿ ಸಸ್ಯಾಹಾರಿಗಳ ಸಂಘದಲ್ಲಿ ತಾನು ಬರೆದು ತಂದದ್ದನ್ನು ಓದಲಾರದೆ ಬೇರೆಯವರ ಕೈಗೆ ಕೊಟ್ಟ ಮನುಷ್ಯ ಅವರು. ಬ್ಯಾರಿಸ್ಟರ್ ಆಗಿ ಬಂದು ಮುಂಬಯಿಯ ಸಣ್ಣ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದರು. ತಲೆ ಸುತ್ತಿತು, ಒಂದು ಪ್ರಶ್ನೆ ಬಾಯಿಗೆ ಬರಲಿಲ್ಲ, ಕೂತುಬಿಟ್ಟರು. ತೆಗೆದುಕೊಂಡಿದ್ದ ಮೂವತ್ತು ರೂಪಾಯಿ ಫೀಜು ಬಿಟ್ಟುಕೊಟ್ಟು ಹೊರಟರು. ನನ್ನ ಕಚೇರಿಯ ಕಥೆಗೂ ಇದಕ್ಕೂ ಏನು ವ್ಯತ್ಯಾಸ? ಅವರು ಅಲ್ಲಿಗೇ ಬಿಡಲಿಲ್ಲ, ಅಷ್ಟೇ.

ಇನ್ನೊಬ್ಬರ ವಿಷಯ ಕೇಳಿ, ಇದು ನಿಮ್ಮ ಮನೆಯ ಕಥೆಯೇ. ಭಾಷಣ ಕಲಿಸುವ ವಿದ್ಯೆಗೆ ಪ್ರಪಂಚದಲ್ಲೇ ಹೆಸರಾದ ಡೇಲ್ ಕಾರ್ನೆಗಿ ಅಮೆರಿಕದ ಮಿಸೌರಿಯಲ್ಲಿ 1888ರಲ್ಲಿ ಹುಟ್ಟಿದ್ದು ಸಾಲದಲ್ಲಿ ಮುಳುಗಿದ ರೈತನ ಮನೆಯಲ್ಲಿ. ಹೊಳೆ ಉಕ್ಕಿ ಬೆಳೆ ಕೊಚ್ಚಿಕೊಂಡು ಹೋಗುತ್ತಿತ್ತು, ಹಂದಿಗಳು ರೋಗಕ್ಕೆ ಸಾಯುತ್ತಿದ್ದವು. ಅಡವಿನ ಜಮೀನು ಹರಾಜು ಹಾಕುತ್ತೇನೆ ಅಂತ ಬ್ಯಾಂಕಿನವನು ಬೆದರಿಸಿದ ದಿನ ತಂದೆ ಗಾಡಿ ನಿಲ್ಲಿಸಿ, ಸೇತುವೆಯ ಮೇಲಿಂದ ನೀರನ್ನೇ ನೋಡುತ್ತಾ ಹಾರಲೋ ಬೇಡವೋ ಅಂತ ಬಹಳ ಹೊತ್ತು ನಿಂತಿದ್ದರಂತೆ. ಮಗನೇ ಆಮೇಲೆ ಬರೆದಿದ್ದಾನೆ. ಊಟ ವಸತಿಗೆ ದುಡ್ಡಿಲ್ಲದೆ ಕಾಲೇಜಿಗೆ ದಿನಾ ಕುದುರೆ ಮೇಲೆ ಹೋಗಿಬರುತ್ತಿದ್ದ ಹುಡುಗ. ಭಾಷಣ ಸ್ಪರ್ಧೆಗಳಲ್ಲಿ ಸೋತೂ ಸೋತೂ, ದಾರಿಯಲ್ಲಿ ಮಾತಾಡಿಕೊಂಡು, ಹಸು ಕರೆಯುವಾಗ ಮಾತಾಡಿಕೊಂಡು ಕಲಿತ. 1912ರಲ್ಲಿ ನ್ಯೂಯಾರ್ಕಿನಲ್ಲಿ ರಾತ್ರಿ ತರಗತಿ ಶುರುಮಾಡಿದ. ಅಲ್ಲಿ ಆತ ವ್ಯಾಪಾರಿಗಳಿಗೆ ಕಲಿಸಿದನೇ ಹೊರತು ತನ್ನಪ್ಪನಂಥ ರೈತರಿಗೆ ಕಲಿಸಲಿಲ್ಲ ಅನ್ನುವುದು ಬೇರೆ ಮಾತು. ಹಸುವಿನ ಮುಂದೆ ಕಲಿತ ವಿದ್ಯೆ ಪೇಟೆ ಸೇರಿತು. ಯಾವುದು ತಾನೇ ಸೇರಿಲ್ಲ?

ನಮ್ಮಲ್ಲೇ ಇದ್ದರು. ಗೌರಿಬಿದನೂರು ತಾಲ್ಲೂಕು ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ನಡೆದುಕೊಂಡೇ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಸಭೆಗೆ ಕನ್ನಡದಲ್ಲಿ ಹೇಳಿದ್ದು ಆ ಹಳ್ಳಿ ಹುಡುಗನೇ. ಆಮೇಲೆ ಕಾಲೇಜಿನ ಪ್ರಾಂಶುಪಾಲರಾದರು, ಕುಲಪತಿಗಳಾದರು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿ ವಾರ ವಾರ ಜನರ ಮುಂದೆ ವಿಜ್ಞಾನ ಮಾತಾಡಿಸಿದರು. ಜಯನಗರದ ನ್ಯಾಷನಲ್ ಕಾಲೇಜು 1965ರಲ್ಲಿ ಬಂತು. ಅಲ್ಲೇ ಬಸವನಗುಡಿಯಲ್ಲಿ ಡಿ.ವಿ.ಜಿ.ಯವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಹುಟ್ಟುಹಾಕಿದ್ದೂ ಸಾಮಾನ್ಯ ಪ್ರಜೆ ರಾಜ್ಯದ ವಿಷಯ ಓದಿ, ಚರ್ಚಿಸಿ ತಿಳಿಯಲಿ ಅಂತಲೇ. ಪಟ್ಟಣದವರಿಗೆ ಕಾಲೇಜು ಇದೆ, ವೇದಿಕೆ ಇದೆ, ಕ್ಲಬ್ಬು ಇದೆ. ಹಳ್ಳಿಗೆ?

ಹಳ್ಳಿಗೆ ಏನೂ ಇಲ್ಲ ಅನ್ನಬೇಡಿ. ನಮ್ಮ ಸೀಮೆಯಲ್ಲಿ ವರ್ಷಕ್ಕೊಂದು ಸಲ ಕುರುಕ್ಷೇತ್ರ ನಾಟಕ ಆಡುವುದಿಲ್ಲವೇ? ದುರ್ಯೋಧನನ ಪಾರ್ಟು ಮಾಡಲು ಕೈಯಿಂದ ದುಡ್ಡು ಕೊಟ್ಟು, ನಾಟಕದ ಮೇಷ್ಟ್ರ ಹಾರ್ಮೋನಿಯಂ ಮುಂದೆ ಮೂರು ತಿಂಗಳು ರಾತ್ರಿ ನಿದ್ದೆಗೆಟ್ಟು ಕಲಿಯುತ್ತೀರಿ. ಸಾವಿರ ಜನರ ಮುಂದೆ ಗದೆ ಹೊತ್ತು ಬೆಳಗಿನ ಜಾವದವರೆಗೆ ಗರ್ಜಿಸುತ್ತೀರಿ. ಸಂಧಾನದ ಸೀನಿನಲ್ಲಿ ಶ್ರೀಕೃಷ್ಣನಿಗೇ ಐದು ಗ್ರಾಮ ಕೊಡುವುದಿಲ್ಲ ಅನ್ನುವ ಆ ಗಂಡು ಮರುದಿನ ಸೊಸೈಟಿಯ ಸೆಕ್ರೆಟರಿ ಮುಂದೆ "ಒಂದ್ ಚೂರು ನೋಡಿ ಸ್ವಾಮಿ" ಅಂತ ತಲೆ ಕೆರೆಯುತ್ತಾನೆ! ಗಂಟಲು ಅದೇ. ನೆನಪಿನ ಶಕ್ತಿ ಅದೇ. ಬೇರೆಯವರು ಬರೆದ ಮಾತಿಗೆ ಮೂರು ತಿಂಗಳು ಅಭ್ಯಾಸ ಮಾಡಿದಿರಿ, ನಿಮ್ಮ ಸ್ವಂತ ಸಾಲದ ಮಾತಿಗೆ ಮೂರು ನಿಮಿಷವೂ ಮಾಡಲಿಲ್ಲ. ಇಷ್ಟೇ ರಹಸ್ಯ.

ಹಾಗಾಗಿ ಆ ಜಯನಗರದ ಕ್ಲಬ್ಬಿನ ಉಪಾಯವನ್ನು ಕದಿಯೋಣ ಅನ್ನುತ್ತೇನೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನುವವರು ಶುರುಮಾಡಿದ್ದಂತೆ. ಅಮೆರಿಕದ್ದು ಅಂತ ಮೂಗು ಮುರಿಯಬೇಡಿ. ಬೀಜಕ್ಕೆ ಪೇಟೆಂಟು ಮಾಡಿದವರ ದೇಶದಿಂದ ಒಂದು ಉಪಾಯ ಪುಕ್ಕಟೆ ತರುವುದರಲ್ಲಿ ಪಾಪವಿಲ್ಲ. ಅಲ್ಲಿ ಮೇಷ್ಟ್ರು ಇಲ್ಲ. ಇದ್ದವರಲ್ಲೇ ಒಬ್ಬ ಮಾತಾಡುತ್ತಾನೆ, ಇನ್ನೊಬ್ಬ ಎದ್ದು ಯಾವುದು ಚೆನ್ನಾಗಿತ್ತು, ಎಲ್ಲಿ ಎಡವಿದ ಅಂತ ಮರ್ಯಾದೆಯಿಂದ ಹೇಳುತ್ತಾನೆ. ಒಬ್ಬ ಗಡಿಯಾರ ಹಿಡಿದು ಹಸಿರು, ಹಳದಿ, ಕೆಂಪು ಚೀಟಿ ತೋರಿಸುತ್ತಾನೆ; ಕೆಂಪು ಬಂದಮೇಲೆ ಮುಗಿಸಬೇಕು. ಮತ್ತೊಬ್ಬನ ಕೆಲಸ ನೀವು ಎಷ್ಟು ಸಲ "ಆಂ... ಊಂ..." ಅಂದಿರಿ ಅಂತ ಎಣಿಸುವುದು. ಆಮೇಲೆ ಸಿದ್ಧವಿಲ್ಲದವನನ್ನು ಎಬ್ಬಿಸಿ ಒಂದು ವಿಷಯ ಕೊಡುತ್ತಾರೆ, ಒಂದೆರಡು ನಿಮಿಷ ಮಾತಾಡಬೇಕು. ಯಾರೂ ನಗುವುದಿಲ್ಲ. ಈ ಕಡೆಯದೇ ಮುಖ್ಯ. ನಮ್ಮಲ್ಲಿ ಒಬ್ಬ ಎದ್ದು ತಡವರಿಸಿದರೆ ಹಿಂದಿನಿಂದ "ಕೂತ್ಕೊಳ್ಳೋ ಸಾಕು" ಅನ್ನುವವನು ನಮ್ಮವನೇ ತಾನೆ? ಅಧಿಕಾರಿಗಿಂತ ಮುಂಚೆ ಬಾಯಿ ಮುಚ್ಚಿಸುವುದು ಆ ನಗು.

ನಮ್ಮೂರಲ್ಲಿ ಇದನ್ನು ಶುರುಮಾಡಿದ್ದೇವೆ. ಸಂಜೆ ಹಾಲು ಹಾಕಿದ ಮೇಲೆ, ವಾರಕ್ಕೊಂದು ದಿನ, ಅರಳಿಕಟ್ಟೆಯಲ್ಲಿ. ಮೊದಲು ಐದು ಜನ, ಈಗ ಹದಿನೇಳು. ಕಲಿತದ್ದರಲ್ಲಿ ಕೆಲವನ್ನು ಹೇಳುತ್ತೇನೆ, ನಿಮಗೂ ಬಂದೀತು.

ಮೊದಲ ದಿನವೇ ಸರ್ಕಾರದ ವಿರುದ್ಧ ಮಾತಾಡಬೇಡಿ. ನಿಮ್ಮ ಎತ್ತಿನ ಬಗ್ಗೆ ಮಾತಾಡಿ, ಹೋದ ವರ್ಷದ ಮಳೆಯ ಬಗ್ಗೆ, ಬೋರ್‌ವೆಲ್ಲು ಬತ್ತಿದ ದಿನದ ಬಗ್ಗೆ. ಗೊತ್ತಿರುವುದನ್ನು ಹೇಳುವಾಗ ನಡುಕ ಬೇಗ ನಿಲ್ಲುತ್ತದೆ. ಕೈಯಲ್ಲಿ ತೆಳ್ಳನೆಯ ಹಾಳೆ ಹಿಡಿಯಬೇಡಿ, ಬೆರಳಿನ ಒಂದು ನಡುಕವನ್ನು ಅದು ಹತ್ತು ಮಾಡಿ ತೋರಿಸುತ್ತದೆ. ಹಳೇ ಲಗ್ನಪತ್ರಿಕೆಯ ಗಟ್ಟಿ ರಟ್ಟಿನ ಹಿಂದೆ ನಾಲ್ಕು ಅಂಕಿ ಬರೆದುಕೊಳ್ಳಿ, ಸಾಕು. ಮೈಕನ್ನು ಊದಬೇಡಿ, ತಟ್ಟಬೇಡಿ. ಬಾಯಿಗೆ ಗೇಣು ದೂರ ಹಿಡಿಯಿರಿ. ವೇದಿಕೆಯ ಮೇಲಿನ ಹದಿನಾಲ್ಕು ಜನರ ಹೆಸರು ಹೇಳಿ ಕೈಮುಗಿಯುವ ಚಟ ಬಿಡಿ. ನಿಮಗೆ ಸಿಕ್ಕಿದ ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಅವರ ಹೆಸರಿಗೇ ಹೋದರೆ ನಿಮ್ಮ ರಾಗಿಗೆ ಏನು ಉಳಿಯಿತು?

ಅಂಕಿಯಿಂದ ಮಾತಾಡಿ. "ರೈತನ ಗೋಳು ಕೇಳೋರಿಲ್ಲ" ಅಂದರೆ ಮೇಜಿನಾಚೆಯವನು ನೂರು ಸಲ ಕೇಳಿದ್ದಾನೆ, ಅವನ ಕಿವಿಗೆ ಅದು ಗಾಳಿ. ಹೀಗೆ ಹೇಳಿ: "ನನ್ನ ಹೆಸರು ಇದು, ಊರು ಇದು. ಎರಡು ಎಕರೆ ರಾಗಿ. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ನಾನು ಇಂಥ ತಾರೀಖು ಇಂಥ ಬೆಲೆಗೆ ಮಾರಿದೆ, ಇದು ಚೀಟಿ. ಖರೀದಿ ಕೇಂದ್ರ ತೆರೆದದ್ದು ಅದಾದ ಇಷ್ಟು ದಿನಕ್ಕೆ. ನನಗೆ ಇಷ್ಟು ಲುಕ್ಸಾನು. ಮುಂದಿನ ಸಲ ಯಾವ ತಾರೀಖಿಗೆ ತೆರೆಯುತ್ತೀರಿ, ಈಗ ಹೇಳಿ, ನಡಾವಳಿಯಲ್ಲಿ ಬರೆಸಿ." ನಾವು ಗಡಿಯಾರ ಇಟ್ಟು ನೋಡಿದೆವು, ಒಂದು ನಿಮಿಷವೂ ಆಗುವುದಿಲ್ಲ. ಲಾಗೋಡಿನ ಲೆಕ್ಕವನ್ನೂ ಹೀಗೇ ಬರೆದಿಡಿ: ಉಳುಮೆಗೆ ಎಷ್ಟು, ಬೀಜಕ್ಕೆ ಎಷ್ಟು, ಕಳೆಗೆ ಎಷ್ಟು ಆಳು, ಮನೆಯವರ ಕೂಲಿ ಎಷ್ಟು. ಈ ಕಡೆಯದನ್ನು ನಾವೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸರ್ಕಾರ ಯಾಕೆ ಹಿಡಿದೀತು? ಆಮೇಲೆ ಕೂತುಬಿಡಿ. ಮತ್ತೆ ಮತ್ತೆ ಅದನ್ನೇ ಹೇಳಿದರೆ ಮೊದಲು ಹೇಳಿದ್ದರ ತೂಕವೂ ಹೋಗುತ್ತದೆ.

ಕನ್ನಡದಲ್ಲೇ ಹೇಳಿ. 1963ರ ಕಾಯಿದೆ ಪ್ರಕಾರ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಅವರು ಇಂಗ್ಲಿಷಿನಲ್ಲಿ ಓದಿದರೆ "ಕನ್ನಡದಲ್ಲಿ ಹೇಳಿ" ಅನ್ನುವುದು ನಿಮ್ಮ ಭಾಷಣದ ಮೊದಲನೇ ವಾಕ್ಯವಾಗಲಿ. ಪುಸ್ತಕದ ಕನ್ನಡಕ್ಕೂ ಹೋಗಬೇಡಿ. ಮನೆಯಲ್ಲಿ ಆಡುವ ಕನ್ನಡದಲ್ಲಿ ಯಾರೂ ತಡವರಿಸುವುದಿಲ್ಲ.

ಎಲ್ಲಿ ಮಾತಾಡಬೇಕು ಅಂತ ಕೇಳಿದಿರಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು ಅಂತ ಪಂಚಾಯತಿ ಕಾಯಿದೆ ಹೇಳುತ್ತದೆ. ಹಾಜರಿ ಪುಸ್ತಕಕ್ಕೆ ಮನೆಯಲ್ಲೇ ಹೆಬ್ಬೆಟ್ಟು ಒತ್ತಿ ಕಳಿಸುವ ಪದ್ಧತಿ ನಿಲ್ಲಿಸಿ. ಸೊಸೈಟಿಯ, ಹಾಲಿನ ಡೈರಿಯ ಸಾಮಾನ್ಯ ಸಭೆ ವರ್ಷಕ್ಕೊಮ್ಮೆ ಇದ್ದೇ ಇದೆ. ಷೇರುದಾರ ನೀವು, ಲೆಕ್ಕ ಕೇಳುವ ಹಕ್ಕು ನಿಮ್ಮದು, ಬರೀ ಉಪ್ಪಿಟ್ಟು ಕೇಸರಿಬಾತಿಗೆ ಹೋಗಬೇಡಿ. ವಿದ್ಯುತ್ ದರ ಹೆಚ್ಚಿಸುವ ಮುಂಚೆ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ, ವಿಚಾರಣೆ ನಡೆಸುತ್ತದೆ. ಕೈಗಾರಿಕೆಯ ಸಂಘಗಳು ಅಲ್ಲಿಗೆ ಕಾಗದ ಪತ್ರ ಹೊತ್ತು ಬರುತ್ತವೆ. ಪಂಪ್‌ಸೆಟ್ಟಿಗೆ ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೆ ಹಾವು ತುಳಿಯುವವರು ಯಾರು ಅಂತ ಅಲ್ಲಿ ಯಾರು ಹೇಳಬೇಕು?

"ಮಾತಾಡೋರೆಲ್ಲ ಮೋಸಗಾರರು, ನಮಗ್ಯಾಕೆ ಆ ವಿದ್ಯೆ" ಅಂತ ನಮ್ಮ ಕಟ್ಟೆಯಲ್ಲೇ ಒಬ್ಬ ಹಿರಿಯರು ಕೇಳಿದರು. ಅವರ ಅನುಮಾನಕ್ಕೆ ಕಾರಣವಿದೆ, ಐವತ್ತು ವರ್ಷ ಓಟಿನ ಭಾಷಣ ಕೇಳಿದ ಕಿವಿ ಅದು. ನಾನು ಹೇಳಿದ್ದು ಇಷ್ಟು: ಕುಡುಗೋಲಿನಿಂದ ಕಳ್ಳನೂ ಕೊಯ್ಯುತ್ತಾನೆ, ಹಾಗಂತ ನಾವು ಕೈಯಲ್ಲಿ ಕಿತ್ತು ಕೊಯ್ಲು ಮಾಡೋಣವೇ? ಅವರು ಒಪ್ಪಲಿಲ್ಲ. ಆದರೆ ಮುಂದಿನ ವಾರ ಎದ್ದು ನಿಂತು, ಯಾಕೆ ಒಪ್ಪುವುದಿಲ್ಲ ಅಂತ ನಾಲ್ಕು ನಿಮಿಷ ಮಾತಾಡಿದರು! ಕೆಂಪು ಟವಲ್ಲು ತೋರಿಸಿದರೂ ನಿಲ್ಲಿಸಲಿಲ್ಲ.

ನಮ್ಮಲ್ಲಿ "ಆಂ ಊಂ" ಕಡಿಮೆ, "ಏನಂದ್ರೆ" ಜಾಸ್ತಿ. ಅದಕ್ಕೆ ಒಂದು ಹುಡುಗನನ್ನು ಕೂರಿಸಿದ್ದೇವೆ. ಕೈಯಲ್ಲಿ ಹುಣಸೆಬೀಜ, ಮುಂದೆ ಹಿತ್ತಾಳೆ ಚೊಂಬು. ಒಂದು "ಏನಂದ್ರೆ"ಗೆ ಒಂದು ಬೀಜ, ಠಣ್ ಅಂತ. ಹೋದ ತಿಂಗಳು ಮೊದಲ ಸಲ ಒಬ್ಬ ಹೆಣ್ಣುಮಗಳು ಎದ್ದರು, ಮೂರು ಹಸು ಕಟ್ಟಿ ಸಂಸಾರ ನಡೆಸುವವರು, ಅರವತ್ತು ದಾಟಿದ್ದಾರೆ. ಸೆರಗು ಬಾಯಿಗೆ ಹಿಡಿದು ಶುರುಮಾಡಿದರು. ಹಾಲಿನ ಫ್ಯಾಟು ದಿನಾ ಬೇರೆ ಬೇರೆ ಬರುತ್ತೆ, ಚೀಟಿ ಕೊಡಿ ಅಂದರೆ ಕೊಡಲ್ಲ, ಅದೇ ಹಸು, ಅದೇ ಮೇವು. ಚೊಂಬಿಗೆ ಹನ್ನೊಂದು ಬೀಜ ಬಿತ್ತು. ಎರಡನೇ ವಾರ ಆರು. ಮೂರನೇ ವಾರ ಸೆರಗು ಹೆಗಲ ಮೇಲೇ ಇತ್ತು. ಎರಡು ತಿಂಗಳ ಫ್ಯಾಟಿನ ಲೆಕ್ಕವನ್ನು ಮೊಮ್ಮಗಳ ಕೈಲಿ ಲಗ್ನಪತ್ರಿಕೆಯ ಹಿಂದೆ ಬರೆಸಿ ತಂದಿದ್ದರು. ಎರಡೇ ಬೀಜ. ಡೈರಿಯ ಸಾಮಾನ್ಯ ಸಭೆ ಬರುವ ತಿಂಗಳಿದೆ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಿಡಿದಿಡಿ ಅಂತ ಈಗಲೇ ಹೇಳಿದ್ದಾರೆ.